ವಕೀಲಿಯ ಸನದೂ ಪರೀಕ್ಷೆಯ ಅಂಕವೂ

ಕಾನೂನಿನ ವ್ಯಾಸಂಗಕ್ಕೆ ತೊಡಗಿದ ತರುಣ ತರುಣಿಯರು ಈಚೆಗೆ ಮೊದಲನೆಯ ವರ್ಷದಿಂದಲೇ ಕೇಳತೊಡಗುವ ಪ್ರಶ್ನೆಯೊಂದುಂಟು. ಬೆಂಗಳೂರು, ಮುಂಬಯಿ, ದಿಲ್ಲಿಗಳಲ್ಲಿ ನೂರಾರು ವಕೀಲರನ್ನು ಕೂಡಿಸಿಕೊಂಡು ನಡೆಯುವ ದೊಡ್ಡ ವಕೀಲಿ ಸಂಸ್ಥೆಗಳು ಹೊಸಬರನ್ನು ತೆಗೆದುಕೊಳ್ಳುವಾಗ ಪರೀಕ್ಷೆಯ ಅಂಕಗಳಿಗೆ ಎಷ್ಟು ಬೆಲೆ ಕೊಡುತ್ತವೆ, ಅಂಕ ಕಡಿಮೆಯಾದವರಿಗೆ ಆ ಬಾಗಿಲು ಮುಚ್ಚಿಯೇ ಹೋಗುವುದೆ, ಹೆಚ್ಚಾದವರಿಗೆ ಅದು ತಾನಾಗಿ ತೆರೆಯುವುದೆ ಎಂಬುದೇ ಆ ಪ್ರಶ್ನೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂತಹ ತಾಲೂಕು ಸ್ಥಳಗಳಿಂದ ಹೊರಟವರು ಇದನ್ನು ಕೇಳುವಾಗ ಅದರೊಡನೆ ಇನ್ನೊಂದು ಆತಂಕವೂ ಬೆರೆತಿರುತ್ತದೆ. ಏಕೆಂದರೆ ದೊಡ್ಡ ಸಂಸ್ಥೆಯಲ್ಲಿ ತಮ್ಮ ಪರವಾಗಿ ಒಂದು ಮಾತು ಹೇಳಬಲ್ಲ ಬಂಧುವಾಗಲಿ ಪರಿಚಿತರಾಗಲಿ ಅವರಿಗೆ ಇರುವುದಿಲ್ಲ. ಪ್ರಶ್ನೆ ಹೊಸದಾಗಿ ತೋರಿದರೂ ಈ ನಾಲ್ಕು ತಾಲೂಕುಗಳ ಮಟ್ಟಿಗೆ ಅದು ಒಂದೂವರೆ ಶತಮಾನದಷ್ಟು ಹಳೆಯದು. ವಕೀಲಿಗೆ ಯಾರು ಅರ್ಹರು, ಆ ಅರ್ಹತೆಯನ್ನು ಅಳೆಯುವವರು ಯಾರು, ಅಳೆಯುವ ಕೊಠಡಿ ನಮ್ಮ ಊರಿನಿಂದ ಎಷ್ಟು ದೂರದಲ್ಲಿದೆ ಎಂಬ ಮೂರು ಮಾತುಗಳನ್ನು ಹಿಡಿದುಕೊಂಡು ನೋಡಿದರೆ ಈ ಸೀಮೆಯ ವಕೀಲಿ ವೃತ್ತಿಯ ಚರಿತ್ರೆಯೆಲ್ಲ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ಅರ್ಹತೆಯ ವಿಚಾರವನ್ನು ನಮ್ಮ ನಾಡು ಬ್ರಿಟಿಷರಿಂದ ಕಲಿಯಬೇಕಾಗಿರಲಿಲ್ಲ. ಹಾನಗಲ್ಲು ಪಾನುಂಗಲ್ಲೆಂಬ ಹೆಸರಿನಿಂದ ಐನೂರರ ನಾಡಿಗೆ ಮುಖ್ಯಸ್ಥಳವಾಗಿದ್ದು, ಕದಂಬ ಮನೆತನದ ಒಂದು ಶಾಖೆ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಅಲ್ಲಿಂದ ಆಳುತ್ತಿದ್ದ ಕಾಲದಲ್ಲಿ, ಆ ಚಾಲುಕ್ಯರ ರಾಜಧಾನಿಯಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ವ್ಯವಹಾರವನ್ನು ವಿಚಾರಿಸುವ ಸಭಾಸದರನ್ನು ಅರಸನು ಹೇಗೆ ಆರಿಸಬೇಕೆಂಬುದನ್ನು ಆ ಸ್ಮೃತಿ ಸ್ಪಷ್ಟವಾಗಿ ಹೇಳುತ್ತದೆ: ಅವರು ಅಧ್ಯಯನಸಂಪನ್ನರಾಗಿರಬೇಕು, ಧರ್ಮಜ್ಞರಾಗಿರಬೇಕು, ಸತ್ಯವಾದಿಗಳಾಗಿರಬೇಕು, ಶತ್ರುಮಿತ್ರರಲ್ಲಿ ಸಮಭಾವವುಳ್ಳವರಾಗಿರಬೇಕು. ಈ ನಾಲ್ಕರಲ್ಲಿ ಮೊದಲಿನ ಎರಡು ವಿದ್ಯೆಗೆ ಸಂಬಂಧಿಸಿದವು, ಕೊನೆಯ ಎರಡು ಶೀಲಕ್ಕೆ ಸಂಬಂಧಿಸಿದವು. ಪ್ರಾಚೀನರು ವಿದ್ಯೆಯನ್ನು ಮುಂದಿಟ್ಟರಾದರೂ ಶೀಲವನ್ನು ಬಿಟ್ಟುಕೊಡಲಿಲ್ಲ. ಆದರೆ ಆ ವಿದ್ಯೆಯನ್ನು ಕಲಿಯುವ ಅಧಿಕಾರವೇ ಹುಟ್ಟಿನಿಂದ ನಿರ್ಣಯವಾಗುತ್ತಿದ್ದಿತಾದುದರಿಂದ, ಒಕ್ಕಲಿಗನ ಮಗನಾಗಲಿ ಕಂಬಾರನ ಮಗನಾಗಲಿ ಆ ಸಭೆಯ ಸಮೀಪಕ್ಕೂ ಬರುವಂತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಹೇಳಬೇಕಾಗಿಯೇ ಇಲ್ಲ.

ಪೇಶವೆಯರ ಆಳಿಕೆ ಕೊನೆಗೊಂಡು 1818ರ ವೇಳೆಗೆ ಧಾರವಾಡ ಸೀಮೆ ಕಂಪನಿ ಸರಕಾರದ ವಶವಾದ ಮೇಲೆ ಇಲ್ಲಿಯ ನ್ಯಾಯದಾನದ ಕ್ರಮ ಬದಲಾಯಿತು. ಈಗಿನ ಶಿಗ್ಗಾಂವಿ ತಾಲೂಕಿಗೆ ಆಗ ಬಂಕಾಪುರ ತಾಲೂಕೆಂದು ಹೆಸರು, ಕಚೇರಿ ಮಾತ್ರ ಶಿಗ್ಗಾಂವಿಯಲ್ಲಿ. ಈಗಿನ ಹಿರೇಕೆರೂರು ತಾಲೂಕಿಗೆ ಕೋಡ ತಾಲೂಕೆಂದು ಹೆಸರು, ಕಚೇರಿ ಹಿರೇಕೆರೂರಿನಲ್ಲಿ. ಹಾನಗಲ್ಲು ತನ್ನ ಹೆಸರಿನಿಂದಲೇ ತಾಲೂಕಾಗಿದ್ದಿತು. ಇವುಗಳ ನಡುವೆ ಸುಮಾರು 70 ಚದರ ಮೈಲಿನ ಸವಣೂರು ಸಂಸ್ಥಾನ ನವಾಬರ ಆಳಿಕೆಯಲ್ಲಿ ಉಳಿದುಕೊಂಡು, ಧಾರವಾಡದ ಕಲೆಕ್ಟರರೇ ಬಹುಕಾಲ ಅದಕ್ಕೆ ಪೊಲಿಟಿಕಲ್ ಏಜಂಟರಾಗಿದ್ದರು. ಎಲ್ಫಿನ್‌ಸ್ಟನ್ನನ ಹೆಸರಿನಿಂದ ಪ್ರಸಿದ್ಧವಾದ 1827ರ ಕಾಯಿದೆಗಳು ಮುಂಬಯಿ ಇಲಾಖೆಯ ಕೋರ್ಟುಗಳಿಗೂ ವಕೀಲರಿಗೂ ಒಂದು ಚೌಕಟ್ಟನ್ನು ಹಾಕಿಕೊಟ್ಟವು. ವಕೀಲಿ ನಡೆಯಿಸಲು ಸನದು ಬೇಕಾಯಿತು. ಆದರೆ ಆ ಕಾಲದ ಸನದಿಗೆ ಪದವಿಯ ಅವಶ್ಯಕತೆಯಿರಲಿಲ್ಲ. ಅರ್ಜಿ ಬರೆಯುವ ಕೈ, ಮೋಡಿ ಲಿಪಿಯ ಕಾಗದಗಳನ್ನು ಓದುವ ಕಣ್ಣು, ಸಾಹೇಬರ ಒಳ್ಳೆಯ ಅಭಿಪ್ರಾಯ, ಇವಿದ್ದರೆ ಸಾಕಾಗುತ್ತಿದ್ದಿತು. ಇವೆಲ್ಲವೂ ಇದ್ದದ್ದು ತಲೆತಲಾಂತರದಿಂದ ದಫ್ತರ ಹಿಡಿದು ಬಂದ ಕುಲಕರ್ಣಿ, ದೇಶಪಾಂಡೆ ಮೊದಲಾದ ಕೆಲವೇ ಮನೆತನಗಳಲ್ಲಿ. ಹೀಗೆ ಪರೀಕ್ಷೆಯಿಲ್ಲದ ಆ ಕಾಲ ಹೊರಗಿನಿಂದ ಉದಾರವಾಗಿ ಕಂಡರೂ ಒಳಗಿನಿಂದ ಬಹಳ ಇಕ್ಕಟ್ಟಾದುದಾಗಿದ್ದಿತು.

ಮುಂಬಯಿಯಲ್ಲಿ 1857ರಲ್ಲಿ ವಿಶ್ವವಿದ್ಯಾಲಯವೂ 1862ರಲ್ಲಿ ಹೈಕೋರ್ಟೂ ಸ್ಥಾಪಿತವಾದುವು. ಅಲ್ಲಿಂದ ಮುಂದೆ ವಕೀಲಿಯ ಹಾದಿ ಪರೀಕ್ಷೆಯ ಮೂಲಕ ಹಾದುಹೋಗತೊಡಗಿತು. ಬಿ.ಎ. ಮುಗಿಸಿದವನು ಮುಂಬಯಿಯ ಕಾನೂನು ಶಾಲೆಯಲ್ಲಿ ವ್ಯಾಸಂಗಮಾಡಿ ಎಲ್‌ಎಲ್.ಬಿ. ಪದವಿ ಪಡೆಯಬಹುದಾಗಿದ್ದಿತು, ಅಷ್ಟು ಶಕ್ತಿಯಿಲ್ಲದವನು ಹೈಕೋರ್ಟಿನವರು ನಡೆಯಿಸುತ್ತಿದ್ದ ಪ್ಲೀಡರಿಕೆಯ ಪರೀಕ್ಷೆಗೆ ಕೂತು ಜಿಲ್ಲೆಯ ಕೋರ್ಟುಗಳಲ್ಲಿ ವಕೀಲಿ ಮಾಡುವ ಸನದನ್ನು ಸಂಪಾದಿಸಬಹುದಾಗಿದ್ದಿತು. ಈ ಎರಡನೆಯ ಪರೀಕ್ಷೆಗೆ ಕೂಡುವವರಿಗಾಗಿ ಲೋಕಮಾನ್ಯ ತಿಲಕರು ಪುಣೆಯಲ್ಲಿ ಕೆಲವು ವರ್ಷ ಕಾನೂನಿನ ವರ್ಗವನ್ನು ನಡೆಯಿಸಿದರೆಂಬುದು ಆ ಪರೀಕ್ಷೆಗೆ ಎಷ್ಟು ಜನ ಆಶೆಪಡುತ್ತಿದ್ದರೆಂಬುದಕ್ಕೆ ಸಾಕ್ಷಿಯಾಗಿದೆ. ಶಾಲೆಯ ಮಟ್ಟದಲ್ಲಿಯೂ ಇದೇ ಬಗೆ. ಕನ್ನಡ ಮುಲ್ಕಿ ಪರೀಕ್ಷೆ ಮುಗಿಸಿದವನಿಗೆ ಮಾಸ್ತರಿಕೆಯೋ ತಲಾಟಿಕೆಯೋ ದೊರೆಯುತ್ತಿದ್ದಿತು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರೂ ಮುಲ್ಕಿ ಮುಗಿಸಿ ಕೆಲವು ಕಾಲ ಶಾಲೆಯ ಮಾಸ್ತರರಾಗಿದ್ದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಅದರಿಂದ ಮೇಲಕ್ಕೆ ಹೋಗಬೇಕಾದವನು ಇಂಗ್ಲಿಷಿನಲ್ಲಿ ಮೆಟ್ರಿಕ್ ದಾಟಬೇಕು, ಅದರಾಚೆಗೆ ಪುಣೆ ಇಲ್ಲವೆ ಮುಂಬಯಿಯಲ್ಲಿ ಕಾಲೇಜು ಸೇರಬೇಕು.

ಈ ಹಾದಿಯ ಉದ್ದವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. 1880ರ ದಶಕದಲ್ಲಿ ಹುಬ್ಬಳ್ಳಿ ಹರಿಹರಗಳ ನಡುವೆ ರೈಲು ಬಂದು ಯಲವಿಗಿ, ಹಾವೇರಿಗಳಲ್ಲಿ ನಿಲ್ಲತೊಡಗಿದರೂ ಹಾನಗಲ್ಲಿಗಾಗಲಿ ಹಿರೇಕೆರೂರಿಗಾಗಲಿ ರೈಲು ಇಂದಿಗೂ ಬಂದಿಲ್ಲ. ಅಲ್ಲಿಯ ಹುಡುಗ ಚಕ್ಕಡಿಯಲ್ಲಿ ಹಾವೇರಿಗೆ ಬಂದು, ರೈಲು ಹಿಡಿದು ಮುಂಬಯಿಗೆ ಹೋಗಿ, ಪರಭಾಷೆಯ ಊರಿನಲ್ಲಿ ಬಾಡಿಗೆಯ ಕೋಣೆ ಹುಡುಕಿಕೊಂಡು, ಹಿಂದೂ ಧರ್ಮಶಾಸ್ತ್ರದ ಪ್ರಶ್ನಪತ್ರಿಕೆಗಾಗಿ ಕೋಲ್‌ಬ್ರೂಕ್ ಸಾಹೇಬನು 1810ರಲ್ಲಿ ಮಾಡಿದ ಮಿತಾಕ್ಷರೆಯ ಇಂಗ್ಲಿಷ್ ಅನುವಾದವನ್ನು ಕಂಠಪಾಠಮಾಡುತ್ತಿದ್ದನು. ತನ್ನ ಊರಿನ ಕದಂಬರು ಯಾವ ಚಕ್ರವರ್ತಿಗೆ ಕಪ್ಪ ಒಪ್ಪಿಸುತ್ತಿದ್ದರೋ ಆ ಚಕ್ರವರ್ತಿಯ ಆಸ್ಥಾನದ ಪಂಡಿತನು ಬರೆದ ಗ್ರಂಥವನ್ನು ನಮ್ಮ ಹುಡುಗ ನಾನೂರು ಮೈಲು ದೂರದಲ್ಲಿ, ಮತ್ತೊಂದು ಭಾಷೆಯಲ್ಲಿ ಓದಿ, ಅದರಲ್ಲಿ ತೇರ್ಗಡೆಯಾಗಿ ಬಂದಮೇಲೆಯೇ ತನ್ನ ಊರಿನ ಹೊಲಮನೆಗಳ ವಾಟ್ನಿ ದಾವೆಯನ್ನು ನಡೆಯಿಸಲು ಅಧಿಕಾರಿಯಾಗುತ್ತಿದ್ದನು. ಅವನ ಅಂಕಪಟ್ಟಿಯಲ್ಲಿ ಕಾಣುವ ಸಂಖ್ಯೆಯಲ್ಲಿ ಅವನ ಬುದ್ಧಿಶಕ್ತಿಯೊಡನೆ ಈ ದೂರವೂ, ಈ ಭಾಷೆಯ ಭಾರವೂ, ತಂದೆಯ ಹೊಲದ ಮೇಲಿನ ಸಾಲವೂ ಸೇರಿಕೊಂಡಿರುತ್ತಿದ್ದುವು.

ಇಷ್ಟಾದರೂ ಆ ಪರೀಕ್ಷೆಯನ್ನು ನಾನು ಹಳಿಯಲಾರೆ. ಉತ್ತರಪತ್ರಿಕೆಯನ್ನು ನೋಡುವವನಿಗೆ ಬರೆದವನ ಮನೆತನ ಕಾಣುವುದಿಲ್ಲ. ನೆರೆಯ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು ಆ ಮಾರ್ಗವಾಗಿಯೇ ಹೋಗಿ 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಆಲೂರು ವೆಂಕಟರಾಯರು ಮುಂಬಯಿಯಲ್ಲಿ ಕಾನೂನು ಓದಿ ಧಾರವಾಡದಲ್ಲಿ ವಕೀಲಿಗೆ ನಿಂತು, ಆಮೇಲೆ ಕರ್ನಾಟಕದ ಏಕೀಕರಣಕ್ಕಾಗಿ ಆ ವೃತ್ತಿಯನ್ನೇ ಬಿಟ್ಟರು. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ ಸಿದ್ದಪ್ಪ ಕಂಬಳಿಯವರು ಮುಂಬಯಿ ಸರಕಾರದ ಮಂತ್ರಿಪದವಿಗೇರಿದರು. ಅಂದಿನವರೆಗೆ ವಕೀಲಿಯ ಕಟ್ಟೆ ಹತ್ತದಿದ್ದ ಸಮಾಜಗಳ ಹುಡುಗರಿಗೆ ಅವರ ಉದಾಹರಣೆಯೇ ದೊಡ್ಡ ಧೈರ್ಯವಾಯಿತು. ಶಿಫಾರಸಿನ ಬಲವಿಲ್ಲದವನಿಗೆ ಅಂಕವೇ ಶಿಫಾರಸು. ಹಿರಿಯರ ಹೆಸರು ಹೇಳಿ ಒಳಗೆ ಹೋಗಬಲ್ಲವನಿಗೆ ಎರಡನೆಯ ದರ್ಜೆಯೂ ಸಾಕಾಗುತ್ತಿದ್ದಿತು. ಹಾಗೆ ಹೋಗಲಾರದವನಿಗೆ ಮೊದಲನೆಯ ದರ್ಜೆಯೂ ಕೆಲವೊಮ್ಮೆ ಸಾಲುತ್ತಿರಲಿಲ್ಲವೆಂಬುದು ನಿಜವಾದರೂ, ಆ ದರ್ಜೆಯನ್ನು ಅವನಿಂದ ಯಾರೂ ಕಸಿದುಕೊಳ್ಳುವಂತಿರಲಿಲ್ಲ.

ಆ ಕಾಲದ ದೊಡ್ಡ ವಕೀಲಿ ಸಂಸ್ಥೆಗಳೆಂದರೆ ಮುಂಬಯಿಯ ಸಾಲಿಸಿಟರರ ಪೇಢಿಗಳು. ಕ್ರಾಫರ್ಡ್ ಬೇಲಿ, ಲಿಟಲ್ ಎಂಬ ಪೇಢಿಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿದ್ದುವು. ಕಲಕತ್ತೆಯಲ್ಲಿ 1911ರಲ್ಲಿ ಖೈತಾನ್ ಪೇಢಿಯೂ ಮುಂಬಯಿಯಲ್ಲಿ 1917ರಲ್ಲಿ ಅಮರಚಂದ ಮಂಗಲದಾಸ ಪೇಢಿಯೂ ಹುಟ್ಟಿದುವು. ಸಾಲಿಸಿಟರನಾಗುವವನು ಮೊದಲು ಇಂತಹದೊಂದು ಪೇಢಿಯಲ್ಲಿ ಉಮೇದುವಾರನಾಗಿ ವರ್ಷಗಟ್ಟಲೆ ದುಡಿದು, ಮುಂಬಯಿಯ ಸಾಲಿಸಿಟರರ ಸಂಘದ ಕಠಿಣವಾದ ಪರೀಕ್ಷೆಯನ್ನು ದಾಟಬೇಕಾಗಿದ್ದಿತು. ಪರೀಕ್ಷೆ ಎಲ್ಲರಿಗೂ ಒಂದೇ. ಆದರೆ ಪೇಢಿಯೊಳಗೆ ಉಮೇದುವಾರನಾಗಿ ಸೇರಿಸಿಕೊಳ್ಳುವವರು ಬೇಕಲ್ಲ! ಮುಂಬಯಿಯ ವ್ಯಾಪಾರಿ ಮನೆತನಗಳಿಗೆ ಹತ್ತಿರದವರಿಗೆ ಅದು ಸುಲಭವಾಗಿದ್ದಿತು. ಕನ್ನಡ ತಾಲೂಕಿನ ಹುಡುಗನಿಗೆ ಅಲ್ಲಿ ಗುರುತಿನವರೇ ಇರಲಿಲ್ಲ. ಅವನು ಎಲ್‌ಎಲ್.ಬಿ. ಮುಗಿಸಿಕೊಂಡು ಊರಿನ ಕಡೆಗೆ ಮರಳುತ್ತಿದ್ದನು.

ಅಮರಚಂದ ಪೇಢಿ ಹುಟ್ಟಿದ ಆ 1917ರಲ್ಲಿಯೇ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು. ನಮ್ಮ ಸೀಮೆಯ ಚರಿತ್ರೆಯಲ್ಲಿ ಇದು ದೊಡ್ಡ ಘಟನೆ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿ ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿದ ವಿನಾಯಕ ಕೃಷ್ಣ ಗೋಕಾಕರು ಈ ಕಾಲೇಜಿನ ಮೂಲಕವೇ ಆಕ್ಸ್‌ಫರ್ಡಿನವರೆಗೆ ನಡೆದರು. ಕಾನೂನಿನ ಕಲಿಕೆಯೂ ಹಂತಹಂತವಾಗಿ ಹತ್ತಿರಕ್ಕೆ ಬಂದಿತು: ಪುಣೆಯಲ್ಲಿ 1924ರಲ್ಲಿ ಕಾನೂನು ಕಾಲೇಜು ತೆರೆಯಿತು, ನಿಜಲಿಂಗಪ್ಪನವರು ಅಲ್ಲಿಯೇ ಓದಿದರು, 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿ ಸ್ಥಾಪಿತವಾಗಿ ಅದೇ ವರ್ಷ ರಾಜಾ ಲಖಮಗೌಡ ಕಾನೂನು ಕಾಲೇಜು ಆರಂಭವಾಯಿತು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಧಾರವಾಡದಲ್ಲಿಯೂ ಕಾನೂನಿನ ಕಾಲೇಜು ಬಂದಿತು, ಅದು ಈಗ ಸರ್ ಸಿದ್ದಪ್ಪ ಕಂಬಳಿಯವರ ಹೆಸರನ್ನು ಹೊತ್ತಿದೆ. ಇದರೊಡನೆ ಹಣದ ಅಡ್ಡಿಯನ್ನು ನಿವಾರಿಸುವ ಕಾರ್ಯವನ್ನು ಸಮಾಜದ ಹಿರಿಯರೇ ಕೈಕೊಂಡರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೆಲ್ಲ ವಿದ್ಯಾರ್ಥಿಗಳ ಸಲುವಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಹಾನಗಲ್ಲಿನ ಕುಮಾರಸ್ವಾಮಿಗಳು ಊರೂರು ತಿರುಗಿ ವಿದ್ಯೆಗಾಗಿ ಜನರನ್ನು ಎಚ್ಚರಿಸಿದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಂತಹ ಸಂಸ್ಥೆಗಳಲ್ಲಿ ಬಡವರ ಮಕ್ಕಳು ಉಂಡು, ಉಳಿದು, ಓದಿದರು. ಒಕ್ಕಲುತನದ ಮನೆಗಳಿಂದ ಕಪ್ಪು ಕೋಟು ತೊಟ್ಟವರು ಹೊರಬರತೊಡಗಿದುದು ಈ ಕಾಲದಲ್ಲಿಯೇ. ಪರೀಕ್ಷೆಯೇನೂ ಸುಲಭವಾಗಿರಲಿಲ್ಲ, ಪರೀಕ್ಷೆಯ ಕೊಠಡಿ ಹತ್ತಿರವಾಗಿದ್ದಿತು, ಅಲ್ಲಿಗೆ ಹೋಗುವವನಿಗೆ ಎರಡು ಹೊತ್ತಿನ ಊಟ ದೊರೆತಿದ್ದಿತು.

ಸನದು ಕೈಗೆ ಬಂದ ಮೇಲೆ ತಾಲೂಕಿನ ಕೋರ್ಟು ತರುಣ ವಕೀಲನಿಂದ ಏನನ್ನು ಕೇಳುತ್ತಿದ್ದಿತು, ಈಗಲೂ ಕೇಳುತ್ತದೆ ಎಂಬುದನ್ನು ಒಂದು ದಾವೆಯ ಮೂಲಕ ನೋಡಬಹುದು. ಅಣ್ಣತಮ್ಮಂದಿರ ನಡುವೆ ಹೊಲದ ವಾಟ್ನಿ. ಹಿರಿಯ ವಕೀಲರು ಹಳೆಯ ಖರೀದಿಪತ್ರವನ್ನು ಹೊಸಬನ ಮುಂದೆ ಇಟ್ಟು ಗಟ್ಟಿಯಾಗಿ ಓದೆನ್ನುತ್ತಾರೆ. ಅವನು ಸರ್ವೆ ನಂಬರು, ಹಿಸ್ಸೆ, ಎಕರೆ ಗುಂಟೆ, ಆಕಾರ ಎಲ್ಲವನ್ನೂ ಓದಿ ಚತುಃಸೀಮೆಗೆ ಬರುತ್ತಾನೆ. ಪೂರ್ವಕ್ಕೆ ಮತ್ತೊಬ್ಬರ ಹೊಲವೆಂದು ಪತ್ರದಲ್ಲಿದೆ. ಪಕ್ಷಕಾರನು ಹೇಳಿ ಬರೆಯಿಸಿದ ಫಿರ್ಯಾದಿಯಲ್ಲಿ ಪೂರ್ವಕ್ಕೆ ಬಂಡಿದಾರಿಯೆಂದಿದೆ. ದಾರಿ ಯಾವಾಗ ಬಿದ್ದಿತು, ಯಾರ ಹೊಲದಲ್ಲಿ ಬಿದ್ದಿತು, ಎಷ್ಟು ಗುಂಟೆ ಹೋಯಿತು ಎಂಬುದನ್ನು ಈಗ ಕೇಳದಿದ್ದರೆ, ಹತ್ತು ವರ್ಷದ ಮೇಲೆ ಹುಕುಮನಾಮೆ ಕೈಯಲ್ಲಿ ಹಿಡಿದು ಹೊಲಕ್ಕೆ ಹೋದ ದಿನ ಯಾವ ತುಂಡು ಯಾರದೆಂಬುದು ಗೊತ್ತಾಗದೆ ಎಲ್ಲವೂ ಮತ್ತೆ ಮೊದಲಾಗುತ್ತದೆ. ಆಮೇಲೆ ವಂಶಾವಳಿ: ಅಜ್ಜನ ಎರಡನೆಯ ಮದುವೆ, ದತ್ತಕಕ್ಕೆ ಹೋದ ಚಿಕ್ಕಪ್ಪ, ತವರಿನ ಪಾಲನ್ನು ಕೇಳದೆ ಸುಮ್ಮನಿದ್ದ ಅತ್ತೆ. ಇವನ್ನು ವಯಸ್ಸಾದ ಸಾಕ್ಷಿಯ ಬಾಯಿಂದ ಮೆಲ್ಲಗೆ ಹೊರಡಿಸಬೇಕು, ಎದುರಿನವರ ಪಾಟೀಸವಾಲಿಗೆ ಅದು ನಿಲ್ಲುವಂತಿರಬೇಕು. ಈ ಕೆಲಸಕ್ಕೆ ಯಾವ ವಿಶ್ವವಿದ್ಯಾಲಯವೂ ಅಂಕ ಹಾಕಿದುದಿಲ್ಲ. ಹಾಗೆಂದು ಪುಸ್ತಕ ವ್ಯರ್ಥವೂ ಅಲ್ಲ: ಆ ಅತ್ತೆಗೆ ಪಾಲುಂಟೊ ಇಲ್ಲವೊ ಎಂಬ ಪ್ರಶ್ನೆ ಏಳುವುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನೂ ಅದಕ್ಕೆ 2005ರಲ್ಲಿ ಬಂದ ತಿದ್ದುಪಡಿಯನ್ನೂ ಮನಸ್ಸಿಟ್ಟು ಓದಿದವನ ತಲೆಯಲ್ಲಿ ಮಾತ್ರ.

ಸ್ವಾತಂತ್ರ್ಯದ ತರುವಾಯದ ಬದಲಾವಣೆಗಳು ಶೀಘ್ರವಾಗಿ ಬಂದುವು. ಸವಣೂರು ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ 1ರಿಂದ ಈ ತಾಲೂಕುಗಳ ಅಪೀಲುಗಳು ಮುಂಬಯಿಯ ಬದಲು ಬೆಂಗಳೂರಿಗೆ ಹೋಗತೊಡಗಿದುವು. 1961ರ ವಕೀಲರ ಕಾಯಿದೆ ಪ್ಲೀಡರ್, ವಕೀಲ, ಅಡ್ವೊಕೇಟ್ ಎಂಬ ಮೇಲುಕೀಳುಗಳನ್ನು ಅಳಿಸಿ ಎಲ್ಲರನ್ನೂ ಒಂದೇ ವರ್ಗಕ್ಕೆ ಸೇರಿಸಿತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕುಳಿತು 2013ರಲ್ಲಿ ಕಾಯಂ ಆಯಿತು. ಶಿಗ್ಗಾಂವಿ ಸವಣೂರು ಸೀಮೆಯ ಕಾರಡಗಿಯಲ್ಲಿ 1924ರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿ, ಮುಖ್ಯಮಂತ್ರಿಗಳಾದ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲಿನಲ್ಲಿ ವಜಾಮಾಡಿದಾಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಮಾರ್ಚ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು, ರಾಜ್ಯ ಸರಕಾರವೊಂದಕ್ಕೆ ಬಹುಮತವುಂಟೊ ಇಲ್ಲವೊ ಎಂಬುದು ವಿಧಾನಸಭೆಯಲ್ಲಿಯೇ ನಿರ್ಣಯವಾಗಬೇಕೆಂದು ಸಾರಿತು. ಇಂದು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಒಳ್ಳೆಯ ಅಂಕಕ್ಕಾಗಿ ಓದಲೇಬೇಕಾದ ತೀರ್ಪಿಗೆ ನಮ್ಮ ಸೀಮೆಯ ವಕೀಲರೊಬ್ಬರ ಹೆಸರಿದೆ.

ಈಗ ದೊಡ್ಡ ಸಂಸ್ಥೆಗಳ ಮಾತಿಗೆ ಬರೋಣ. 1991ರ ಆರ್ಥಿಕ ಸುಧಾರಣೆಗಳ ತರುವಾಯ ಕಂಪನಿಗಳ ಕೊಳುಕೊಡೆ, ವಿದೇಶದ ಬಂಡವಾಳ, ಕರಾರುಪತ್ರಗಳ ಕೆಲಸ ಬೆಳೆದಂತೆ ಈ ಸಂಸ್ಥೆಗಳೂ ಬೆಳೆದುವು. ಅಮರಚಂದ ಪೇಢಿಯಂತೂ 2015ರಲ್ಲಿ ಎರಡಾಗಿ, ಎರಡೂ ದೊಡ್ಡವಾಗಿ ನಿಂತಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಪಾಠ ಆರಂಭವಾದಂದಿನಿಂದ ಐದು ವರ್ಷದ ವ್ಯಾಸಂಗದ ಹೊಸ ಪದ್ಧತಿ ಬೇರೂರಿ, ಅದರ ಮಾದರಿಯ ವಿಶ್ವವಿದ್ಯಾಲಯಗಳು ರಾಜ್ಯರಾಜ್ಯಗಳಲ್ಲಿ ಎದ್ದುವು. ದೊಡ್ಡ ಸಂಸ್ಥೆಗಳು ಹೊಸಬರನ್ನು ಬಹುಮಟ್ಟಿಗೆ ಇಂತಹ ಕಡೆಗಳಿಂದಲೇ, ವ್ಯಾಸಂಗ ಮುಗಿಯುವುದಕ್ಕಿಂತ ಮುಂಚೆಯೇ, ಕ್ಯಾಂಪಸ್ಸಿಗೆ ಬಂದು ಆರಿಸಿಕೊಳ್ಳುತ್ತವೆ. ಮೊದಲು ಅಂಕದ ಒಂದು ಮಿತಿಯನ್ನಿಟ್ಟು ಅರ್ಜಿಗಳನ್ನು ಕಡಿಮೆಮಾಡಿಕೊಂಡು, ಉಳಿದವರಲ್ಲಿ ಇಂಟರ್ನ್‌ಶಿಪ್ಪಿನ ಕೆಲಸ, ಬರವಣಿಗೆ, ಸಂದರ್ಶನದ ಮಾತುಗಾರಿಕೆಗಳನ್ನು ನೋಡುತ್ತಾರೆ. ಆದುದರಿಂದ ಮೊದಲ ಮೆಟ್ಟಿಲಿನಲ್ಲಿ ಅಂಕಕ್ಕೆ ಬಹಳ ಬೆಲೆಯುಂಟು. ಸಂದರ್ಶನದ ಕೋಣೆಯಲ್ಲಿ ಅದು ಕಡಿಮೆಯಾಗುತ್ತದೆ. ನಾಲ್ಕಾರು ವರ್ಷ ದುಡಿದವನನ್ನು ಅವನ ಕೆಲಸದಿಂದ ಅಳೆಯುತ್ತಾರೆಯೇ ಹೊರತು ಅಂಕಪಟ್ಟಿಯಿಂದ ಅಳೆಯುವುದಿಲ್ಲ. ಈ ಕ್ರಮದಲ್ಲಿ ತಪ್ಪೇನೂ ಕಾಣುವುದಿಲ್ಲ.

ತೊಡಕಿರುವುದು ಅದಕ್ಕೂ ಹಿಂದಿನ ಮೆಟ್ಟಿಲಿನಲ್ಲಿ. ಆ ಶಾಲೆಗಳ ಅಂಕ ಎರಡನೆಯ ಜರಡಿ. ಮೊದಲನೆಯದು ಆ ಶಾಲೆಗಳನ್ನು ಸೇರುವುದಕ್ಕಾಗಿ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಬರೆಯುವ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ. 2008ರಿಂದ ನಡೆಯುತ್ತಿರುವ ಆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅದೇ ಪದವಿಯನ್ನು ಮುಗಿಸಿ ವಕೀಲಿಗೆ ನಿಲ್ಲುವಾಗ ಬರೆಯುವ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಸಿವಿಲ್ ನ್ಯಾಯಾಧೀಶರನ್ನು ಆರಿಸಲು ನಮ್ಮ ಹೈಕೋರ್ಟು ನಡೆಯಿಸುವ ಪರೀಕ್ಷೆಯಲ್ಲಂತೂ ಕನ್ನಡ ಇಂಗ್ಲಿಷುಗಳ ನಡುವಿನ ಭಾಷಾಂತರಕ್ಕೆ ಒಂದು ಪೂರ್ಣ ಪತ್ರಿಕೆಯೇ ಮೀಸಲು. ನ್ಯಾಯಾಧೀಶನಾಗಲು ಕನ್ನಡ ಬಲ್ಲವನಾಗಿರಬೇಕು, ವಕೀಲನಾಗಲು ಕನ್ನಡವೂ ಸಾಕು, ಆದರೆ ದೊಡ್ಡ ಸಂಸ್ಥೆಯ ಕಡೆಗೆ ಹೋಗುವ ಶಾಲೆಗೆ ಸೇರಲು ಮಾತ್ರ ಕನ್ನಡ ಲೆಕ್ಕಕ್ಕೇ ಇಲ್ಲ. ಹಿರೇಕೆರೂರಿನ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಬುದ್ಧಿವಂತ ಹುಡುಗಿ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಯಾವುದೋ ಕಾಲೇಜು ಸೇರಿ ಮೊದಲನೆಯ ಸ್ಥಾನ ಪಡೆದರೂ, ದೊಡ್ಡ ಸಂಸ್ಥೆಗಳವರು ಅವಳ ಕಾಲೇಜಿಗೆ ಬರುವುದು ಅಪರೂಪವಾದುದರಿಂದ, ಆ ಅಂಕಪಟ್ಟಿಯನ್ನು ನೋಡುವ ಕಣ್ಣೇ ಇರುವುದಿಲ್ಲ. ಪರೀಕ್ಷೆಯ ಕೊಠಡಿ ಮುಂಬಯಿಯಿಂದ ಬೆಳಗಾವಿಗೆ, ಬೆಳಗಾವಿಯಿಂದ ಧಾರವಾಡಕ್ಕೆ ಹತ್ತಿರಹತ್ತಿರ ಬಂದುದು ನಿಜ. ಆದರೆ ಬೆಲೆಯುಳ್ಳ ಅಂಕವನ್ನು ಕೊಡುವ ಕೊಠಡಿ ಮತ್ತೆ ದೂರಕ್ಕೆ ಹೋಗಿ ಕುಳಿತಿದೆ.

ಅಂಕಗಳನ್ನು ಲೆಕ್ಕಿಸಬಾರದೆಂದು ಹೇಳುವವರೊಡನೆ ನಾನು ಸೇರಲಾರೆ. ಅಂಕವನ್ನು ತೆಗೆದುಹಾಕಿದರೆ ಆ ಸ್ಥಾನಕ್ಕೆ ಬರುವುದು ಶೀಲವೂ ಅಲ್ಲ, ಪ್ರತಿಭೆಯೂ ಅಲ್ಲ. 1827ರ ಕಾಲದ ಮನೆತನ ಮತ್ತು ಮೇಲಿನವರ ಒಳ್ಳೆಯ ಅಭಿಪ್ರಾಯವೇ ಹೊಸ ವೇಷದಲ್ಲಿ ಬರುತ್ತದೆ. ಬೇಕಾಗಿರುವುದು ಎರಡು ಕೆಲಸ. ದೊಡ್ಡ ಸಂಸ್ಥೆಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಹಾವೇರಿಗಳ ಕಾಲೇಜುಗಳಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಇಂಟರ್ನ್‌ಶಿಪ್ಪನ್ನೂ, ಮಹಾನಗರದಲ್ಲಿ ಆ ಕೆಲವು ವಾರ ಉಳಿಯುವ ಖರ್ಚನ್ನೂ ಕೊಟ್ಟು ಅವರ ಕೆಲಸವನ್ನು ಕಣ್ಣಾರೆ ನೋಡಬೇಕು. ಒಂದು ಕಾಲಕ್ಕೆ ಪ್ರಸಾದನಿಲಯಗಳು ಮಾಡಿದ ಕಾರ್ಯವನ್ನು ಇಂದು ಆ ಸಂಸ್ಥೆಗಳಿಂದ ಕೇಳುವುದು ಹೆಚ್ಚಿನದಾಗಲಾರದು. ಕ್ಲ್ಯಾಟ್ ಪರೀಕ್ಷೆ ಕನ್ನಡದಲ್ಲಿಯೂ ನಡೆಯಬೇಕು. ವಕೀಲರ ಪರೀಕ್ಷೆ ಕನ್ನಡದಲ್ಲಿ ನಡೆಯಬಹುದಾದರೆ ಇದು ಏಕೆ ಆಗಬಾರದು? ನಮ್ಮ ತಾಲೂಕುಗಳ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಬೇಕು. ಆಯ್ಕೆ ಕೊನೆಯ ವರ್ಷಕ್ಕಿಂತ ಮುಂಚೆಯೇ ನಡೆಯುವುದರಿಂದ ಮೊದಲ ಎರಡು ವರ್ಷದ ಅಂಕಗಳನ್ನು ಹಗುರವಾಗಿ ನೋಡಬೇಡಿ. ಬೇರೆ ಯಾವ ಶಿಫಾರಸೂ ಇಲ್ಲದ ನಿಮಗೆ ಅದೇ ಶಿಫಾರಸು. ರಜೆಯಲ್ಲಿ ಊರಿಗೆ ಬಂದಾಗ ಹಾನಗಲ್ಲಿನದೋ ಸವಣೂರಿನದೋ ಕೋರ್ಟಿಗೆ ಹೋಗಿ ಹಿರಿಯರೊಬ್ಬರ ಬಳಿ ಕುಳಿತು ಖರೀದಿಪತ್ರಗಳನ್ನು ಓದಿರಿ. ಕೋಟಿಗಟ್ಟಲೆ ರೂಪಾಯಿಯ ಕರಾರುಪತ್ರವನ್ನು ಓದಲು ಬೇಕಾದುದೂ ಚತುಃಸೀಮೆಯನ್ನು ಓದುವ ಅದೇ ಎಚ್ಚರವೇ ಆಗಿರುತ್ತದೆ. ಆ ಎಚ್ಚರವನ್ನು ಕಲಿಯುವುದಕ್ಕೆ ನೀವು ದೂರ ಹೋಗಬೇಕಾಗಿಲ್ಲ.